ಕಾರ್ತಿಕದ ಕಂತು

ಬೆಟಗೇರಿಯಲ್ಲಿ ಅಂದು ಬಿಸಿಲು ಎಷ್ಟಿತ್ತು ಎಂದು ತಿಳಿಯಬೇಕಿದ್ದರೆ ಬನಶಂಕರೆವ್ವ ಹೊಸೆದ ಬತ್ತಿಯನ್ನು ನೋಡಿದರೆ ಸಾಕಿತ್ತು. ಬತ್ತಿ ತೆಳ್ಳಗಿದ್ದರೆ ದಿನ ತಂಪು. ಹೆಬ್ಬೆರಳಿನಷ್ಟು ದಪ್ಪವಿದ್ದರೆ, ಅಂದು ಓಣಿಯ ನಾಯಿಗಳೂ ನೆರಳು ಬಿಟ್ಟು ಎದ್ದಿರಲಿಲ್ಲ ಎಂದರ್ಥ.

ಆ ಮನೆಯ ರೂಢಿ ಅದು. ಮಗ್ಗದ ಮೇಲೆ ಹರಿದ ಎಳೆ ಕಸಬರಿಗೆಗೆ ಸಿಗಬಾರದು. ನೇಯುವಾಗ ಉದ್ದಕ್ಕೆ ಬಿಗಿದ ಹಾಸಿನ ನೂಲು ಪಟ್ಟನೆ ಹರಿಯುತ್ತದೆ. ನೇಯುವವರು ಕೈ ನಿಲ್ಲಿಸಿ, ಹೊಸ ಎಳೆ ಕೂಡಿಸಿ ಗಂಟು ಹಾಕಿ, ತುಂಡಾದದ್ದನ್ನು ಮಗ್ಗದ ಕಾಲಿಗೆ ಕಟ್ಟಿದ ಚೀಲದೊಳಗೆ ಹಾಕುತ್ತಾರೆ. ಸಂಜೆ ಬನಶಂಕರೆವ್ವ ಒಂದೊಂದು ಚೀಲವನ್ನೂ ಬರಿದು ಮಾಡಿ, ಮಗ್ಗಕ್ಕೊಂದರಂತೆ ತೊಡೆಯ ಮೇಲೆ ಬತ್ತಿ ಹೊಸೆಯುತ್ತಾಳೆ. ಮೊಮ್ಮಗಳು ಶಿವರಂಜನಿ ಅದರ ಕೊರಳಿಗೆ ತಾರೀಖಿನ ಚೀಟಿ ಕಟ್ಟಿ, ಆಯಾ ಮಗ್ಗದ ಡಬ್ಬಿಯಲ್ಲಿ ಇಡುತ್ತಾಳೆ. ಅಂಕಿ ಕಲಿಯುವ ವಯಸ್ಸಿನಲ್ಲಿ ಅಜ್ಜಿ ಹಚ್ಚಿದ ಕೆಲಸ, ಇಪ್ಪತ್ತಾರು ತುಂಬಿದರೂ ಬಿಟ್ಟಿಲ್ಲ. ಕಾರ್ತಿಕ ಬಂತೆಂದರೆ ವರ್ಷದ ಬತ್ತಿಗಳೆಲ್ಲ ಬನಶಂಕರಿಯ ಗುಡಿಯಲ್ಲಿ ದೀಪವಾಗಿ ಉರಿಯುತ್ತವೆ.

ಈ ವರ್ಷ ಏಪ್ರಿಲ್ ಮುಗಿಯುವ ಮೊದಲೇ ಡಬ್ಬಿಗಳು ತುಂಬಿ, ಮುಚ್ಚಳ ಕೂರದಂತಾದವು.

ತುಂಬಿದ್ದು ಶೆಡ್ಡಿನ ಐದು ಮಗ್ಗಗಳ ಡಬ್ಬಿ. ಆ ಶೆಡ್ಡು ಶಿವರಂಜನಿಯ ಕನಸಿನ ಕೂಸು. ಎರಡು ವರ್ಷದ ಹಿಂದೆ ನೇಕಾರರ ಪತ್ತಿನ ಸೊಸೈಟಿಯಲ್ಲಿ ನಾಲ್ಕು ಲಕ್ಷ ಸಾಲ ಎತ್ತಿ ಕಟ್ಟಿಸಿದ್ದು. ಮೊದಲು ಅಲ್ಲಿ ಮಣ್ಣಿನ ನೆಲ, ಹಂಚಿನ ಮಾಡು, ಐದು ಕುಣಿ ಮಗ್ಗ ಇದ್ದವು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯಬೇಕು. ಇಳಿದು ಏರಿ ಹೆಣ್ಣುಮಕ್ಕಳ ಮೊಣಕಾಲು ಸವೆದು ಹೋಗುತ್ತಿದ್ದವು. ಶಿವರಂಜನಿ ಕುಣಿ ಮುಚ್ಚಿಸಿ, ಕನ್ನಡಿಯಂಥ ಸಿಮೆಂಟು ನೆಲ ಹಾಕಿಸಿ, ಮೇಲೆ ತಗಡು ಹೊದಿಸಿ, ಕುರ್ಚಿಯಲ್ಲಿ ಕುಳಿತಂತೆ ನೇಯುವ ನಿಲುವು ಮಗ್ಗ ತಂದಳು. ಓಣಿಗೆ ಓಣಿಯೇ ಬಂದು ನೋಡಿ ಹೋಯಿತು. ಅಜ್ಜಿ ಮಾತ್ರ ತನ್ನ ಮಗ್ಗವಿದ್ದ ಹಿಂದಿನ ಕೋಣೆಯ ಬಾಗಿಲಲ್ಲಿ ಅಡ್ಡ ನಿಂತಿದ್ದಳು. "ಅವು ಐದನ್ನೂ ಮುಚ್ಚು. ನನ್ನ ಕುಣಿ ಮುಚ್ಚೂದಿದ್ರ ನನ್ನನ್ನೂ ಅದರಾಗ ಹಾಕಿ ಮುಚ್ಚು," ಎಂದಿದ್ದಳು. ಅದೊಂದು ಉಳಿಯಿತು.

ಮೊದಲ ವರ್ಷ ಕಂತು ತಪ್ಪಲಿಲ್ಲ. ಈ ವರ್ಷ ಮಾರ್ಚಿನಲ್ಲೇ ನಲವತ್ತು ಡಿಗ್ರಿ. ತಗಡು ಕಾದು, ಸಿಮೆಂಟು ಕಾದು, ಶೆಡ್ಡಿನೊಳಗಿನ ಗಾಳಿ ಒಣಗಿ ಹಪ್ಪಳವಾಯಿತು. ಗಂಜಿ ಉಣಿಸಿದ ನೂಲು ಒಣಹುಲ್ಲಿನಂತೆ ಮುರಿಯತೊಡಗಿತು. ನೇಯುವುದಕ್ಕಿಂತ ಗಂಟು ಹಾಕುವುದೇ ಹೆಚ್ಚಾಯಿತು. ಹನ್ನೊಂದಕ್ಕೆ ಕೈ ಬಿಟ್ಟರೆ ಸಂಜೆ ಐದರವರೆಗೆ ಒಳಗೆ ಕಾಲಿಡುವಂತಿಲ್ಲ.

"ಇದು ಶೆಡ್ಡಲ್ಲವಾ, ರೊಟ್ಟಿ ಬೇಯಸೂ ಹಂಚು," ಎಂದು ನೀಲಗಂಗವ್ವ ಸೆರಗಿನಿಂದ ಕೊರಳು ಒರೆಸಿಕೊಂಡಳು. ಹದಿನೆಂಟು ವರ್ಷದಿಂದ ಆ ಮನೆಯಲ್ಲಿ ನೇಯುತ್ತಿದ್ದವಳು, ನಾಲಿಗೆ ಲಾಳಿಗಿಂತ ಚುರುಕು. "ಒಂದ್ ಮಗ್ಗಲ ಬೆಂದೇನಿ. ತಿರುವಿ ಹಾಕು, ಇನ್ನೊಂದ್ ಮಗ್ಗಲಾನೂ ಬೇಯಲಿ."

ಜನವರಿಯಲ್ಲಿ ಐದು ಮಗ್ಗ ಎಂಬತ್ತು ಸೀರೆ ಕೊಟ್ಟಿದ್ದವು. ಏಪ್ರಿಲಿನಲ್ಲಿ ಮೂವತ್ತೊಂದು. ಮಾರ್ಚಿನ ಕಂತು ನಿಂತಿತು, ಏಪ್ರಿಲಿನದೂ ನಿಂತಿತು. ಮೇ ತಿಂಗಳ ಮೊದಲ ವಾರ ಸೊಸೈಟಿಯಿಂದ ಕಾಗದ ಬಂತು: ಇಪ್ಪತ್ತಾರನೇ ತಾರೀಖಿನ ಆಡಳಿತ ಮಂಡಳಿ ಸಭೆಯೊಳಗೆ ಮೂರೂ ಕಂತು ಕಟ್ಟದಿದ್ದರೆ ಸುಸ್ತಿದಾರರ ಹಲಗೆಗೆ ಹೆಸರು.

ಆ ಹಲಗೆ ಸೊಸೈಟಿಯ ಬಾಗಿಲ ಪಕ್ಕ, ಬೀದಿಗೆ ಮುಖ ಮಾಡಿ ತೂಗುತ್ತಿತ್ತು. ಕಪ್ಪು ಬಣ್ಣ, ಸುಣ್ಣದ ಅಕ್ಷರ. ಶಿವರಂಜನಿಯ ತಂದೆ ಅಂದಪ್ಪ ಸೀರೆಯ ಗಂಟು ಹೊತ್ತು ಮುಂಡರಗಿಯ ಅಂಗಡಿಗಳಿಗೆ ಹೋಗಿ ಬರುವ ಮನುಷ್ಯ. ಸಾಲಕ್ಕೆ ಜಾಮೀನು ಅವನದೇ ಸಹಿ. ಕಾಗದ ಬಂದ ದಿನದಿಂದ ಅವನು ಬಸ್ಸಿಗೆ ಹೋಗಲು ಸೊಸೈಟಿಯ ಬೀದಿ ಬಿಟ್ಟು ಸುತ್ತು ಹಾಕತೊಡಗಿದ.

"ಮೂರು ತಲಿ ಆತು, ನಮ್ಮ ಮನಿ ಹೆಸರು ಆ ಹಲಗಿ ಕಂಡಿಲ್ಲ," ಎಂದ ಅವನು ಒಂದು ಸಂಜೆ, ಯಾರ ಮುಖವನ್ನೂ ನೋಡದೆ. "ಹಳೇ ಸಾಮಾನು ಕೊಳ್ಳೂ ಆ ರೆಸಾರ್ಟಿನವ ಮತ್ತ ಫೋನ್ ಮಾಡಿದ್ದ. ಅವ್ವನ ಮಗ್ಗಕ್ಕ ಮೂವತ್ತೈದು ಸಾವಿರ ಕೊಡ್ತಾನಂತ."

"ಮಗ್ಗ ಒಯ್ದು ಏನ್ ನೇಯ್ತಾನಂತ?" ಎಂದು ಕೇಳಿದಳು ಶಿವರಂಜನಿ.

"ನೇಯಂಗಿಲ್ಲ. ಬಂದ ಮಂದಿ ನೋಡಲಿ ಅಂತ ಬಾಗಿಲದಾಗ ಇಡ್ತಾನ. ಇಪ್ಪತ್ತೇಳಕ್ಕ ಗಾಡಿ ಕಳಸ್ತೇನಿ, ರೊಕ್ಕಾ ಎಲ್ಲಾ ಹಿಂದಿನ ದಿನಾನ ತಗೋರಿ ಅಂದಾನ."

ಮೂರು ಕಂತು ಸೇರಿದರೆ ಮೂವತ್ತನಾಲ್ಕು ಸಾವಿರದ ಐದುನೂರು. ಅಳೆದಿಟ್ಟಂತೆ ಸರಿಹೋಗುತ್ತಿತ್ತು. ಒಳಗಿನ ಕೋಣೆಯಿಂದ ಅಜ್ಜಿಯ ಲಾಳಿಯ ಸದ್ದು ಬರುತ್ತಿತ್ತು, ಟಕ್, ಟಕ್, ಟಕ್. ಶಿವರಂಜನಿಗೆ ಆ ಸದ್ದು ಒಂದು ಗಾಜಿನ ಬಾಗಿಲ ಹಿಂದೆ ನಿಂತುಹೋದಂತೆ, ಅದರ ಮುಂದೆ ಯಾರೋ ಹಲ್ಲು ಕಿರಿದು ಫೋಟೋ ಹೊಡೆಸಿಕೊಳ್ಳುತ್ತಿರುವಂತೆ ಕಂಡಿತು.

"ತಡೀಪ್ಪಾ," ಎಂದಳು. "ಮಾರಿದ ಸೀರಿದು ನಮಗ ಬರೂ ರೊಕ್ಕ ಐತಿ. ಮೊದಲು ಅದನ್ನ ತರ್ತೇನಿ."

ಮರುದಿನ ಶಿರಹಟ್ಟಿ ಮೇಲೆ ಹಾಯುವ ಬಸ್ಸು ಹಿಡಿದು ಲಕ್ಷ್ಮೇಶ್ವರಕ್ಕೆ ಹೋದಳು. ಕಿಟಕಿಯ ಸರಳು ಮುಟ್ಟಿದರೆ ಚುರುಕ್ಕೆನ್ನುತ್ತಿತ್ತು. ಶಿರಹಟ್ಟಿಯಲ್ಲಿ ಬಸ್ಸು ನಿಂತಾಗ ನೋಡಿದರೆ, ನಡುಹಗಲಿಗೆ ಅಂಗಡಿಗಳ ಷಟರ್ ಅರ್ಧ ಇಳಿದಿದ್ದವು. ಲಕ್ಷ್ಮೇಶ್ವರದ ಪೇಟೆಯಲ್ಲೂ ಅದೇ. ಅಲ್ಲಾಉದ್ದೀನನ ಸೀರೆ ಅಂಗಡಿಯಲ್ಲಿ ಗಿರಾಕಿಯ ಚಪ್ಪಲಿ ಒಂದೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ಅವರ ಸೀರೆ ಕೊಳ್ಳುತ್ತಿದ್ದ ಆತ ತಲೆಯ ಮೇಲೆ ಹಸಿ ಟವೆಲ್ಲು ಹೊದ್ದು, ಗಾದಿಯ ಮೇಲೆ ಒಬ್ಬನೇ ಕುಳಿತಿದ್ದ.

"ಬಾ ಬೇಟಿ, ಕುಂಡ್ರು. ನೀರು ಕುಡಿ. ರೊಕ್ಕದ ಮಾತು ಆಮ್ಯಾಲ."

"ಕಾಕಾ, ರೊಕ್ಕದ ಮಾತಿಗೇ ಬಂದೇನಿ."

"ಗೊತ್ತೈತಿ. ಅದಕ್ಕ ಮೊದಲು ನೀರು ಕುಡಿ ಅಂದದ್ದು." ಅವನು ಬರಿದಾದ ಅಂಗಡಿಯ ಕಡೆ ಕೈ ಚಾಚಿದ. "ಖರೆ ಹೇಳ್ತೇನಿ. ಮುಂಜಾನಿ ಹತ್ತಕ್ಕ ಬಂದವರು ಬಂದರು. ಆಮ್ಯಾಲ ಸಂಜಿ ಆರರ ತನಕಾ ಈ ಬೀದ್ಯಾಗ ಕಾಗಿ ಸೈತ ಹಾರಂಗಿಲ್ಲ. ಮದುವಿ ಸೀಜನ್ ಮುಗೀಲಿಕ್ಕೆ ಬಂತು, ಅರ್ಧ ಮಾಲು ಇಲ್ಲೇ ಐತಿ. ನಿನಗ ನಾನು ತಡಾ, ಮಾಲು ಕಳಸೂ ಸೂರತ್‌ನವಗೂ ನಾನು ತಡಾ. ಮಳಿ ಬೀಳಲಿ, ಒಂದ್ ಪೈ ಇಟ್ಕೊಳ್ಳಾಂಗಿಲ್ಲ."

ಅವನು ಗಲ್ಲಾ ತೆಗೆದು ಇದ್ದುದರಲ್ಲಿ ಎರಡು ಸಾವಿರ ಕೊಟ್ಟ. ಬೇಡವೆನ್ನಲು ಅವಳಿಗೆ ಆಗಲಿಲ್ಲ.

ತಿರುಗಿ ಬರುವಾಗ ಶಿವರಂಜನಿಯ ತಲೆಯಲ್ಲಿ ಒಂದು ಚಿತ್ರ ನಿಂತಿತು. ಬಿಸಿಲು ಎಂಬ ಒಬ್ಬ ಮನುಷ್ಯ ಬೀದಿಯಲ್ಲಿ ನಡೆದು ಬರುತ್ತಿದ್ದಾನೆ. ಗಿರಾಕಿಯನ್ನು ಮನೆಯಲ್ಲಿ ಕೂಡಿಹಾಕುತ್ತಾನೆ, ಅಲ್ಲಾಉದ್ದೀನ ಕಾಕಾನ ಗಲ್ಲಾಕ್ಕೆ ಬೀಗ ಹಾಕುತ್ತಾನೆ, ಅಲ್ಲಿಂದ ಬೆಟಗೇರಿಗೆ ಬಂದು ತಗಡಿನ ಮೇಲೆ ಕುಳಿತು ನೂಲು ಹರಿಯುತ್ತಾನೆ. ಸೊಸೈಟಿಯ ಪುಸ್ತಕದಲ್ಲಿ ಮಾತ್ರ ಅವನ ಹೆಸರಿಲ್ಲ. ಅಲ್ಲಿರುವುದು ಅವಳದು.

ಮನೆಗೆ ಬಂದಾಗ ಮೈ ಕಾದು ಕೆಂಡವಾಗಿತ್ತು. ಚೀಲ ಎಸೆದು ನೇರ ಅಜ್ಜಿಯ ಕೋಣೆಗೆ ಹೋಗಿ, ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ಕುಣಿಯೊಳಗೆ ಅಜ್ಜಿಯ ಕಾಲ ಪಕ್ಕ ಇಳಿದು ಕುಳಿತಳು. ತಂಪು. ಬಾವಿಕಟ್ಟೆಯ ಮೇಲೆ ಕುಳಿತಂಥ ತಂಪು. ಕುಣಿಯ ಮಣ್ಣಿನ ಗೋಡೆ ಕೈಗೆ ಹಸಿಯಾಗಿ ಹತ್ತುತ್ತಿತ್ತು. ಮೂಲೆಯಲ್ಲಿ ಅಜ್ಜಿ ನೀರು ತುಂಬಿ ಹೂತಿಟ್ಟ ಮಣ್ಣಿನ ಗಡಿಗೆ ಸಣ್ಣಗೆ ಬೆವರುತ್ತಿತ್ತು. ತಲೆಯ ಮೇಲೆ ಹಾಸಿನ ಎಳೆಗಳು ಮೆತ್ತಗೆ ಏರಿಳಿಯುತ್ತಿದ್ದವು.

"ಕೊಡಲಿಲ್ಲೇನು ಅಲ್ಲಾಉದ್ದೀನ?" ಅಜ್ಜಿ ಕೈ ನಿಲ್ಲಿಸದೆ ಕೇಳಿದಳು.

"ಮಳಿ ಬಂದಮ್ಯಾಲ ಅಂದ."

"ಶಾಣ್ಯಾ ಅದಾನ. ಸೂರ್ಯಪ್ಪನ ಕತಿ ಅವಗೂ ಗೊತ್ತೈತಿ ಅನ್ನು."

ಆ ಕತೆಯನ್ನು ಶಿವರಂಜನಿ ನೂರು ಸಲ ಕೇಳಿದ್ದಳು. ಆದರೂ ಅಜ್ಜಿ ಹೇಳತೊಡಗಿದಾಗ ಬೇಡವೆನ್ನಲಿಲ್ಲ.

"ಸೂರ್ಯಪ್ಪನ್ನ ಲೋಕಾ ಎಲ್ಲಾ ನೋಡ್ತೈತಿ, ಮೈಮ್ಯಾಲ ಮಾತ್ರ ಅರಿವಿ ಇಲ್ಲ. ನಾಚಿಕಿ ಬಂತು. ನೇಕಾರ್ತಿ ಮನಿಗೆ ಬಂದು, ನನಗೊಂದು ಶಾಲು ನೇಯ್ದು ಕೊಡವಾ ಅಂದ, ಒಂದು ಬುಟ್ಟಿ ಬೆಳಕು ಮುಂಗಡಾ ಕೊಟ್ಟ. ಆಕಿ ಹಾಸು ಹೂಡಿದಳು. ಇವಗ ತಡೀವಲ್ದು. ದಿನಾ ನಡುಹಗಲಾಗ ಬಂದು ಬಾಗಿಲಾಗ ಬಗ್ಗಿ, ಆತೇನು, ಆತೇನು ಅಂತಾನ. ಅವ ಬಗ್ಗಿದಾಗೊಮ್ಮೆ ಎಳಿ ಪಟ್ ಪಟ್ ಹರೀತಾವ. ಕಡಿಗೆ ಆಕಿ ಸೊಂಟದ ಮ್ಯಾಲ ಕೈ ಇಟ್ಟು ನಿಂತಳು. ಎಲಾ ಇವನ, ಹರಿಯಾಂವಾನೂ ನೀನ, ಕೇಳಾಂವಾನೂ ನೀನ, ಇದ್ಯಾವ ನ್ಯಾಯ? ಮುಂಗಡಾ ತಗೊಂಡೇನಿ, ಇಲ್ಲ ಅನ್ನಂಗಿಲ್ಲ. ಬ್ಯಾಸಗ್ಯಾಗ ಬರಬ್ಯಾಡ. ಕಾರ್ತಿಕದಾಗ ಬಾ. ಶಾಲೂ ಕೊಡ್ತೇನಿ, ನೀ ಹರಿದದ್ದೂ ಕೊಡ್ತೇನಿ ಅಂದಳು. ಸೂರ್ಯಪ್ಪ ಮುಖಾ ಸಣ್ಣದು ಮಾಡ್ಕೊಂಡು ಹೋದ. ಕಾರ್ತಿಕದಾಗ ಬಂದ. ಆಕಿ ಶಾಲು ಹೊಚ್ಚಿದಳು, ಹರಿದ ಎಳಿ ಎಲ್ಲಾ ಬತ್ತಿ ಮಾಡಿ ಹಚ್ಚಿ, ತಗೋ ನಿನ್ನ ಬುಟ್ಟಿ ಬೆಳಕು ಅಂದಳು. ಸಾಲ ತೀರಿತು."

ಲಾಳಿ ನಿಂತಿತ್ತು. ಶಿವರಂಜನಿ ತಲೆ ಎತ್ತಿ ನೋಡಿದಳು. ಇಷ್ಟು ಹೊತ್ತು ಒಂದು ಎಳೆಯೂ ಹರಿದಿರಲಿಲ್ಲ.

"ಯವ್ವಾ, ಇವತ್ತು ನಿನ್ನ ಮಗ್ಗದ ಬತ್ತಿ ಎಲ್ಲಿ?"

ಅಜ್ಜಿ ಸೊಂಟದ ಸಂಚಿಯಿಂದ ತೆಗೆದು ಕೊಟ್ಟಳು. ಊದಿನಕಡ್ಡಿಯಷ್ಟು ಇತ್ತು.

ಅವಳು ಕುಣಿಯಿಂದ ಜಿಗಿದು ಎದ್ದು, ಶೆಡ್ಡಿಗೆ ಓಡಿ ನೀಲಗಂಗವ್ವನ ಡಬ್ಬಿ ತಂದಳು. ಅಜ್ಜಿಯ ಡಬ್ಬಿಯನ್ನೂ ತಂದಳು. ನೆಲದ ಮೇಲೆ ಎರಡು ಸಾಲು ಹಾಸಿದಳು. ಎಷ್ಟೋ ವರ್ಷದಿಂದ ಚೀಟಿ ಕಟ್ಟಿ ಒಳಗಿಡುತ್ತಿದ್ದಳು. ಒಂದು ದಿನವೂ ಹೀಗೆ ಸಾಲಾಗಿ ಇಟ್ಟು ನೋಡಿರಲಿಲ್ಲ. ಜನವರಿಯಲ್ಲಿ ಎರಡೂ ಒಂದೇ. ಮಾರ್ಚಿನಿಂದ ನೀಲಗಂಗವ್ವನ ಸಾಲು ಉಬ್ಬುತ್ತ ಹೋಗಿತ್ತು, ಇಲಿಯ ಬಾಲ ಹಾವಿನ ಮೈಯಾದ ಹಾಗೆ. ಅಜ್ಜಿಯ ಸಾಲು ಊದಿನಕಡ್ಡಿಯಾಗಿಯೇ ಇತ್ತು.

ಕುಣಿ ಮುಚ್ಚಿಸಿದ ದಿನ ತಾನು ಹಂಚಿದ ಪೇಡೆಯ ನೆನಪಾಗಿ ಶಿವರಂಜನಿಯ ಕಿವಿ ಬಿಸಿಯಾದವು. ನೆಲದ ತಂಪನ್ನು ಸಿಮೆಂಟಿನ ಕೆಳಗೆ ಹೂತಿದ್ದಳು, ಅದೂ ಸಾಲ ಮಾಡಿ.

"ಯಾಕ ಮೊದಲ ಹೇಳಲಿಲ್ಲ?"

"ಬಾಗಿಲಾಗ ಅಡ್ಡ ನಿಂತು ಹೇಳಿದ್ದೆ," ಎಂದಳು ಅಜ್ಜಿ. "ನಿನಗ ಆವಾಗ ಸಿಮೆಂಟ್ ಕಂಡಿತ್ತು, ನಾ ಕಂಡಿರಲಿಲ್ಲ."

ಹತ್ತನೇ ತಾರೀಖಿನಿಂದ ಒಂದು ವಾರ ನೀಲಗಂಗವ್ವನನ್ನು ಅಜ್ಜಿಯ ಕುಣಿಯಲ್ಲಿ ಕೂರಿಸಿದಳು. ನೀಲಗಂಗವ್ವ ಮೊಣಕಾಲಿಗೆ ಶಾಪ ಹಾಕುತ್ತಲೇ ಇಳಿದಳು; ಮಧ್ಯಾಹ್ನ ಎರಡಾದರೂ ಮೇಲೆ ಬರಲಿಲ್ಲ. "ಊಟಾ ಇಲ್ಲೇ ಕಳಸ್ರಿ, ಹಾಸಗಿ ಸೈತ ಕಳಸ್ರಿ," ಎಂದು ಒಳಗಿನಿಂದಲೇ ಕೂಗಿದಳು. ಏಳು ದಿನಕ್ಕೆ ನಾಲ್ಕು ಸೀರೆ ಇಳಿದವು. ಬತ್ತಿ ಊದಿನಕಡ್ಡಿಯ ಮೇಲೆ ಹೋಗಲಿಲ್ಲ.

ಇಪ್ಪತ್ತಾರರಂದು ಮಧ್ಯಾಹ್ನ ಸೊಸೈಟಿಯ ಹಾಲಿನಲ್ಲಿ ಐದು ಜನ ನಿರ್ದೇಶಕರು ಬೀಸಣಿಗೆ ಆಡಿಸುತ್ತ ಕುಳಿತಿದ್ದರು. ನಡುವೆ ಕಾರ್ಯದರ್ಶಿ ಕುಬೇರಪ್ಪ. ಮೂವತ್ತು ವರ್ಷದಿಂದ ಅದೇ ಕುರ್ಚಿ, ಅದೇ ಹಸಿರು ಶಾಯಿ. ಅಂದಪ್ಪ ಬಾಗಿಲ ಹತ್ತಿರದ ಬೆಂಚಿನ ತುದಿಯಲ್ಲಿ ಕುಳಿತ. ಅವನ ಕಿಸೆಯಲ್ಲಿ ಫೋನು ಎರಡು ಸಲ ರಿಂಗಣಿಸಿತು. ರೆಸಾರ್ಟಿನವನು. ಅವನು ಎತ್ತಲಿಲ್ಲ, ಬಂದ್ ಕೂಡ ಮಾಡಲಿಲ್ಲ.

"ಏನ್ ತಂಗಿ, ರೊಕ್ಕಾ ತಂದೀಯೋ, ನೆಪಾ ತಂದೀಯೋ?" ಎಂದ ಕುಬೇರಪ್ಪ.

"ಬತ್ತಿ ತಂದೇನ್ರಿ."

ನಿರ್ದೇಶಕರು ನಕ್ಕರು. ಒಬ್ಬ ಅಂದ: "ಇದು ಸೊಸೈಟಿವಾ, ಗುಡಿ ಅಲ್ಲ. ಎಣ್ಣಿ ಎಲ್ಲಿ ಮತ್ತ?"

ಶಿವರಂಜನಿ ಉತ್ತರ ಕೊಡದೆ ಉದ್ದ ಮೇಜಿನ ಮೇಲೆ ಬತ್ತಿಗಳನ್ನು ತಾರೀಖಿನಂತೆ ಹಾಸುತ್ತ ಹೋದಳು. ಮೇಜು ಸಾಲದೆ ಒಬ್ಬ ನಿರ್ದೇಶಕ ತನ್ನ ಚಹಾದ ಕಪ್ಪು ಎತ್ತಿ ಹಿಡಿದುಕೊಂಡ. ಹಗ್ಗದಷ್ಟು ದಪ್ಪವಿದ್ದ ಮೇ ಮೂರರ ಬತ್ತಿ ಬಂದಾಗ ನಗು ನಿಂತಿತ್ತು.

"ಇದು ಶೆಡ್ಡಿನಾಗ ನೇಯೂ ನೀಲಗಂಗವ್ವನ ಸಾಲು. ಇದು ಕುಣಿ ಮಗ್ಗದ ನಮ್ಮಜ್ಜಿ ಸಾಲು. ಒಂದ ನೂಲು, ಒಂದ ಗಂಜಿ. ಬಿಸಿಲು ಒಂದಕ್ಕ ಹತ್ತೈತಿ, ಒಂದಕ್ಕ ಹತ್ತಿಲ್ಲ."

ಕುಬೇರಪ್ಪ ಕನ್ನಡಕ ಏರಿಸಿದ. "ನಿಮ್ಮಜ್ಜಿಗೆ ಎಂಬತ್ತು ಆತು. ಮುದುಕಿ ಸಾವಕಾಶ ನೇಯ್ತಾಳ, ಎಳಿ ಹರಿಯಂಗಿಲ್ಲ. ಅದರಾಗ ಏನೈತಿ?"

"ಹತ್ತನೇ ತಾರೀಖಿನಿಂದ ಹದಿನಾರರ ತನಕಾ ನೋಡ್ರಿ ಸಾಹೇಬ್ರ," ಎಂದು ಬಾಗಿಲಿನಿಂದ ನೀಲಗಂಗವ್ವನ ಧ್ವನಿ ಬಂತು. "ಆ ವಾರ ಕುಣಿಯಾಗ ಕುಂತಾಕಿ ನಾನು. ನನ್ನ ಕೈ ಸಾವಕಾಶ ಅಂತ ಇಡೀ ಬೆಟಗೇರ್ಯಾಗ ಯಾರರೆ ಅನ್ನಲಿ ನೋಡೋಣು."

ಕುಬೇರಪ್ಪ ಆ ಏಳು ಬತ್ತಿಗಳನ್ನು ಒಂದೊಂದಾಗಿ ಎತ್ತಿ ನೋಡಿ ಕೇಳಿದ:

"ಹಂಗಾರ ಉಳಿದ ಕುಣಿ ಮುಚ್ಚಿದವರು ಯಾರು?"

"ನಾನ್ರಿ," ಎಂದಳು ಶಿವರಂಜನಿ. "ನಿಮ್ಮ ಸಾಲದಾಗ ಮುಚ್ಚಿಸೇನಿ. ತಪ್ಪು ನಂದು. ತೋಡಾಕ ಮತ್ತ ನಿಮ್ಮ ರೊಕ್ಕ ಕೇಳಂಗಿಲ್ಲ, ಹಾರಿ ಹಿಡಿಯಾಕ ನನಗ ಕೈ ಅದಾವ. ಮಾಫಿ ಕೇಳಂಗಿಲ್ಲ. ಬಡ್ಡಿ ಬಿಡ್ರಿ ಅಂತಾನೂ ಕೇಳಂಗಿಲ್ಲ. ಕಂತಿನ ತಿಂಗಳು ಬದ್ಲಿ ಮಾಡ್ರಿ. ಮಾರ್ಚ್, ಏಪ್ರಿಲ್, ಮೇ ಕೇಳಬ್ಯಾಡ್ರಿ. ಜೂನ್‌ದಿಂದ ನವೆಂಬರ್ ತನಕಾ, ನಿಂತ ಮೂರು ಕಂತನ್ನ ಹಂಚಿ ಸೇರಿಸಿ, ತಿಂಗಳಿಗೆ ಹದಿನೇಳು ಸಾವಿರದ ಎರಡುನೂರಾ ಐವತ್ತು ಕಟ್ತೇನಿ. ಕಾರ್ತಿಕ ಮುಗಿಯೂದರಾಗ ಬಾಕಿ ಇರಂಗಿಲ್ಲ."

"ಚೊಲೊ ಐತಿ! ನಿನಗ ಮಾಡಿದ್ರ ನಾಳೆ ಉಳಿದ ನಲವತ್ತು ಮಂದೀನೂ ಬರ್ತಾರ," ಎಂದ ಕುಬೇರಪ್ಪ.

"ಬರಲಿ ಅಂತನ ಕೇಳಾಕತ್ತೇನಿ. ನಿಮ್ಮ ಸುಸ್ತಿದಾರರ ಪುಸ್ತಕ ತೆಗೀರಿ. ಹೋದ ಮೂರು ವರ್ಷದ್ದು. ಹಲಗಿಗೆ ಹೆಸರು ಯಾವಾಗ ಏರ್ತಾವ, ಯಾವಾಗ ಇಳೀತಾವ, ನೀವ ಓದ್ರಿ."

ಕುಬೇರಪ್ಪನಿಗೆ ಸಿಟ್ಟು ಬಂದಿತ್ತು. ಆ ಸಿಟ್ಟಿನಲ್ಲೇ ಪುಸ್ತಕ ತರಿಸಿದ, ಎಂಜಲು ಹಚ್ಚಿ ಹಾಳೆ ತಿರುವಿದ. ಮೊದಲು ಗಟ್ಟಿಯಾಗಿ ಓದಿದ: ಏಪ್ರಿಲಿಗೆ ಹದಿನಾಲ್ಕು ಹೆಸರು, ಮೇಗೆ ಇಪ್ಪತ್ತೆರಡು. ಮುಂದೆ ಹೋದಂತೆ ಧ್ವನಿ ಇಳಿಯಿತು. ಸೆಪ್ಟೆಂಬರಿಗೆ ಒಂಬತ್ತು. ದೀಪಾವಳಿಯ ತಿಂಗಳು ಒಂದು. ಇನ್ನೊಂದು ವರ್ಷದ್ದು ತಿರುವಿದ. ಅದೂ ಹಾಗೆಯೇ. ಹಸಿರು ಶಾಯಿಯಲ್ಲಿ ತಾನೇ ಏರಿಸಿ ತಾನೇ ಹೊಡೆದ ಹೆಸರುಗಳು. ಮೂವತ್ತು ವರ್ಷ ಬರೆದಿದ್ದ. ಅವನೂ ಸಾಲಾಗಿ ಇಟ್ಟು ನೋಡಿರಲಿಲ್ಲ.

ಅವನು ಪುಸ್ತಕ ಮುಚ್ಚಿ ಕನ್ನಡಕ ತೆಗೆದ.

"ಈ ಮಂದಿ ಯಾರೂ ರೊಕ್ಕಾ ಮುಳಗಿಸಿಲ್ಲಲ್ಲ," ಎಂದ ಅವನು ಕೊನೆಗೆ, ಯಾರಿಗೂ ಅಲ್ಲ ಎಂಬಂತೆ. ಆಮೇಲೆ ನಿರ್ದೇಶಕರ ಕಡೆ ತಿರುಗಿದ. "ಒಂದು ವರ್ಷ ಮಾಡಿ ನೋಡೂಣ್ರಿ. ಬೇಕಾದವರಿಗೆಲ್ಲಾ." ಅವರು ಒಪ್ಪಿ ತಲೆ ಆಡಿಸಿದರು. ಅವನು ಠರಾವು ಬರೆದ. ಬರೆದು ಮುಗಿಸಿ, ಮೇ ಮೂರರ ಬತ್ತಿ ಎತ್ತಿ, ಶಿವರಂಜನಿಯ ಫೈಲಿಗೆ ಟಾಚಣಿಯಿಂದ ಚುಚ್ಚಿದ.

"ಅದು ದೇವಿದು ರೀ!"

"ದಾಖಲಿ ಬೇಕಲ್ಲವಾ. ನಾಳೆ ಯಾರರೆ ಕೇಳಿದ್ರ ಏನ್ ತೋರಸಲಿ?"

"ಕಾರ್ತಿಕದಾಗ ತಿರುಗಿ ಕೊಡಬೇಕು."

"ನೀ ಕಂತು ಮುಗಿಸು. ಬಂದು ಒಯ್ಯಿ."

ಅಂದಪ್ಪನ ಫೋನು ಮತ್ತೆ ರಿಂಗಣಿಸಿತು. ಈ ಸಲ ಎತ್ತಿದ. "ಇಲ್ರಿ," ಎಂದ. "ಆ ಮಗ್ಗ ಕೆಲಸದಾಗ ಐತಿ."

ಮಳೆ ಹಿಡಿಯುವ ಮೊದಲೇ ಶಿವರಂಜನಿ ಹಾರೆ ಹಿಡಿದಳು. ಕನ್ನಡಿಯಂಥ ಆ ನೆಲದ ಮೇಲೆ ಮೊದಲ ಏಟು ಹಾಕುವಾಗ ಕಣ್ಣು ಮುಚ್ಚಿಕೊಂಡಳು; ಎರಡನೆಯದಕ್ಕೆ ತೆರೆದಳು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಅಜ್ಜಿ ಬಾಗಿಲಲ್ಲಿ ಕುಳಿತು ಕುಣಿಯ ಅಳತೆ ಹೇಳಿದಳು. ನೀಲಗಂಗವ್ವನ ಮೊಣಕಾಲಿಗಾಗಿ ಪ್ರತಿ ಕುಣಿಗೂ ಎರಡೆರಡು ಮೆಟ್ಟಿಲು ಮಾಡಿದರು. ಅದು ಹಳೆಯ ಕುಣಿಗಳಲ್ಲಿ ಇರಲಿಲ್ಲ. "ಇದು ನಿನ್ನ ಬುದ್ಧಿ," ಎಂದಳು ಅಜ್ಜಿ, ಮೆಟ್ಟಿಲನ್ನು ಕಾಲಿನಿಂದ ಒತ್ತಿ ನೋಡಿ. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಮಳೆ ಬಿತ್ತು. ಅಲ್ಲಾಉದ್ದೀನ ಮಾತಿಗೆ ತಪ್ಪದೆ ರೊಕ್ಕ ಕಳಿಸಿದ. ನಾಗರಪಂಚಮಿಗೆ, ದಸರೆಗೆ, ದೀಪಾವಳಿಗೆ ಮಗ್ಗ ನಿಲ್ಲಲಿಲ್ಲ. ಸೆಪ್ಟೆಂಬರಿನ ಕಂತಿಗೆ ಎಂಟುನೂರು ಕಡಿಮೆ ಬಿದ್ದಾಗ ನೀಲಗಂಗವ್ವ ತನ್ನ ಸಂಚಿಯಿಂದ ತೆಗೆದು ಕೊಟ್ಟು, "ಬಡ್ಡಿ ಹಾಕ್ತೇನಿ ನೋಡು," ಎಂದು ಹೆದರಿಸಿದಳು.

ನವೆಂಬರಿನಲ್ಲಿ, ಕಾರ್ತಿಕದ ಕೊನೆಯ ಸೋಮವಾರ, ತಂದೆ ಮಗಳು ಸೊಸೈಟಿಗೆ ಹೊರಟರು. ಅಂದಪ್ಪ ಅಂದು ಸುತ್ತು ಹಾಕಲಿಲ್ಲ. ಹಲಗೆಯ ಮುಂದೆಯೇ ಹಾದು, ಒಂದು ಗಳಿಗೆ ನಿಂತು, ಅದರ ಮೇಲಿನ ಎಲ್ಲವನ್ನೂ ಓದಿದ. ಓದಲು ಹೆಚ್ಚೇನೂ ಇರಲಿಲ್ಲ; ಮಂಡಳಿಯ ಮುಂದಿನ ಸಭೆಯ ತಾರೀಖು ಬರೆದಿದ್ದರು.

ಕುಬೇರಪ್ಪ ಎಣಿಸಿ, ಪಾವತಿ ಹರಿದು ಕೊಟ್ಟ. "ಬಾಕಿ ನಿಲ್. ಇಪ್ಪತ್ತಾರು ಮಂದಿ ನಿನ್ನಂಗ ಕಂತಿನ ತಿಂಗಳಾ ಬದ್ಲಿ ಮಾಡ್ಕೊಂಡಾರ. ಆತಲ್ಲ? ಹೋಗಿ ಬಾ."

ಶಿವರಂಜನಿ ಕುರ್ಚಿ ಬಿಟ್ಟು ಏಳಲಿಲ್ಲ.

"ನನ್ನ ಲೆಕ್ಕಾ ಆತ್ರಿ. ನಿಮ್ಮದು ಆಗಿಲ್ಲ."

"ನನ್ನದೇನು ಲೆಕ್ಕಾ?"

"ಮೇ ಮೂರನೇ ತಾರೀಖಿಂದು."

ಕುಬೇರಪ್ಪ ಅವಳನ್ನೇ ನೋಡಿದ. ಆಮೇಲೆ ಕಪಾಟಿನಿಂದ ಫೈಲು ತೆಗೆದು, ಟಾಚಣಿ ಬಿಚ್ಚಿ, ಬತ್ತಿಯ ಧೂಳನ್ನು ಎರಡು ಬೆರಳಲ್ಲಿ ಒರೆಸಿ, ಎದ್ದು ನಿಂತು ಕೊಟ್ಟ. ಮೂವತ್ತು ವರ್ಷದಲ್ಲಿ ಆ ಮೇಜಿನ ಆಚೆಯಿಂದ ಈಚೆಗೆ ಯಾರೂ ವಸೂಲಿ ಮಾಡಿಕೊಂಡು ಹೋಗಿರಲಿಲ್ಲ.

"ಪಾವತಿ ಬರಕೊಡಲೇನ್ರಿ?" ಎಂದಳು ಅವಳು.

"ಹೋಗ ಹೋಗ," ಎಂದು ಅವನು ನಕ್ಕ.

ಸಂಜೆ ಗುಡಿಯ ಕಟ್ಟೆಯ ಮೇಲೆ ಬನಶಂಕರೆವ್ವ ವರ್ಷದ ಬತ್ತಿಗಳನ್ನೆಲ್ಲ ಹಣತೆಗಳಲ್ಲಿ ಇಟ್ಟಳು. ಮೇ ಮೂರರದು ಹಣತೆಯಲ್ಲಿ ಹಿಡಿಸಲಿಲ್ಲ. ಕುಡಿಕೆ ತರಿಸಿ, ಎಣ್ಣೆ ತುಂಬಿಸಿ, ತನ್ನ ಕೈಯ ಕಡ್ಡಿಯನ್ನು ಮೊಮ್ಮಗಳ ಕೈಗೆ ಕೊಟ್ಟಳು.

"ನೀ ಹಚ್ಚು. ಸೂರ್ಯಪ್ಪನ ಈ ಮುಂಗಡಾ ತೀರಸೂದು ನಿಂದು."

ಶಿವರಂಜನಿ ಹಚ್ಚಿದಳು. ಮೊದಲು ಹೊಗೆಯಾಡಿತು, ಆಮೇಲೆ ಎದ್ದು ನಿಂತಿತು. ಸಣ್ಣ ದೀಪಗಳು ಒಂದೊಂದಾಗಿ ಸೋತ ಮೇಲೂ ಅದು ಉರಿಯುತ್ತಿತ್ತು. ಪಕ್ಕದಲ್ಲಿ ಅಂದಪ್ಪ ಕಟ್ಟೆ ಏರಿ ಬಂದವರಿಗೆಲ್ಲ, ಕೇಳಿದವರಿಗೂ ಕೇಳದವರಿಗೂ, "ಆ ದೊಡ್ಡದು ನಮ್ಮದ್ರಿ, ನಮ್ಮ ಹುಡುಗಿದು," ಎಂದು ಹೇಳುತ್ತ ನಿಂತಿದ್ದ.